ಕೇಳದೆ ಉಳಿದ ಹೂವು

ಅವರ ಬಲಗೈಯ ಉಂಗುರ ಬೆರಳು ಸದಾ ಕೆಂಪಗಿರುತ್ತಿತ್ತು. ದಿನವೂ ಹನುಮಪ್ಪನಿಗೆ ಎಣ್ಣೆಯಲ್ಲಿ ಕಲಸಿದ ಸಿಂಧೂರ ಬಳಿದು ಬಳಿದು, ಬಣ್ಣ ಉಗುರಿನ ಸಂದಿಗೆ ಇಳಿದು ಚರ್ಮದ ಗೆರೆಗಳಲ್ಲಿ ನಿಂತುಬಿಟ್ಟಿತ್ತು. ಕೊರೊನಾ ಬಂದ ಮೇಲೆ ಸ್ಯಾನಿಟೈಸರ್ ಹಚ್ಚಿ ಹಚ್ಚಿ ಉಳಿದ ಕೈಯೆಲ್ಲ ಬಿಳಚಿಕೊಂಡು ಬಿರುಕು ಬಿಟ್ಟಿತು. ಆ ಬೆರಳು ಮಾತ್ರ ತನ್ನ ಬಣ್ಣ ಬಿಡಲಿಲ್ಲ.

ಹೊಸಪೇಟೆಯ ನಮ್ಮ ಓಣಿಯ ಹನುಮಪ್ಪನ ಗುಡಿಯ ಅರ್ಚಕರು ಅವರು, ಓಣಿಗೆಲ್ಲ ‘ಆಚಾರ್ರು’. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂಢನಂಬಿಕೆಯ ವಿರುದ್ಧ ಮಾತಾಡಿ ಗೆದ್ದವನು. ಗೆದ್ದ ವಾದಗಳನ್ನು ಗುಡಿಯ ಕಟ್ಟೆಯವರೆಗೂ ಹೊತ್ತು ತರುತ್ತಿದ್ದೆ.

“ಬರ್ರಿ ವಾದಿಗಳೇ, ಇವತ್ತು ಯಾವ ಪಕ್ಷ? ಪರವೋ, ವಿರೋಧವೋ?” ಎಂದು ಅವರು ಕೇಳುತ್ತಿದ್ದರು. ವಿರೋಧವೆಂದರೆ, “ಹಂಗಾದ್ರ ಮೊದಲ ಪ್ರಸಾದ ತಿನ್ರಿ. ಹಸಿದ ಹೊಟ್ಟ್ಯಾಗ ವಿರೋಧ ಭಾಳ ಖಾರ ಆಗ್ತದ” ಎಂದು ಅಂಗೈಗೆ ಅವಲಕ್ಕಿ ಹಾಕುತ್ತಿದ್ದರು.

ನಮ್ಮ ಜಗಳವೆಲ್ಲ ಹೂವಿನದು. ಒದ್ದೆ ಹೂಗಳನ್ನು ಮೂರ್ತಿಯ ಎರಡೂ ಭುಜಗಳಿಗೆ ಅಂಟಿಸಿ, ಮನಸ್ಸಿನಲ್ಲಿದ್ದುದನ್ನು ಹೇಳಿಕೊಂಡು ಕಾಯುವುದು ನಮ್ಮ ಗುಡಿಯ ಪದ್ಧತಿ. ಬಲಗಡೆಯ ಹೂ ಬಿದ್ದರೆ ದೇವರ ಒಪ್ಪಿಗೆ, ಎಡಕ್ಕೆ ಬಿದ್ದರೆ ಬೇಡವೆಂದು. ಮದುವೆ, ಬೋರ್‌ವೆಲ್, ಹೊಸ ಕೆಲಸ ಎಲ್ಲಕ್ಕೂ ಓಣಿಯ ಜನ ಹೂ ಕೇಳಿಯೇ ಹೆಜ್ಜೆ ಇಡುತ್ತಿದ್ದರು. ಗುರುತ್ವಾಕರ್ಷಣೆಗೆ ಪಂಚಾಂಗ ತಿಳಿಯದು ಎಂದು ನಾನು ವಾದಿಸುತ್ತಿದ್ದೆ. ಅವರು ನಗುತ್ತಿದ್ದರು, ಒಪ್ಪುತ್ತಿರಲಿಲ್ಲ.

ಎರಡನೆಯ ಅಲೆಯಲ್ಲಿ ಗುಡಿಗೆ ಬೀಗ ಬಿತ್ತು. ಪೂಜೆಗೆ ಅವರೊಬ್ಬರೇ ಒಳಗೆ ಹೋಗಿಬರುತ್ತಿದ್ದರು. ನಾವು ಕೆಲವು ಗೆಳೆಯರು ಒಂದು ವ್ಯಾನು ಗೊತ್ತುಮಾಡಿಕೊಂಡು ಕಾಯಿಲೆಯವರನ್ನು ಆಸ್ಪತ್ರೆಗೆ ಸಾಗಿಸುತ್ತಿದ್ದೆವು. ವ್ಯಾನು ಸಿಕ್ಕಿತು, ಹತ್ತುವವರು ಸಿಗಲಿಲ್ಲ. ಆಸ್ಪತ್ರೆಗೆ ಹೋದವರು ಹೊಳ್ಳಿ ಬರುವುದಿಲ್ಲ ಎಂಬ ಭಯ ಮನೆಮನೆಯಲ್ಲಿ ಕೂತಿತ್ತು.

ಗುಡಿಯ ಹಿಂದಿನ ಸಾಲಿನ ಮನೆಯ ಒಬ್ಬ ತಾಯಿಗೆ ಒಬ್ಬನೇ ಮಗ. ದಿನವೂ ಬಸ್ಸು ಹಿಡಿದು ತೋರಣಗಲ್ಲಿಗೆ ಗುತ್ತಿಗೆ ಕೆಲಸಕ್ಕೆ ಹೋಗುತ್ತಿದ್ದ ಹುಡುಗ. ಆ ಬೆಳಿಗ್ಗೆ ಅವನಿಗೆ ಒಂದು ಮಾತು ಪೂರ್ತಿ ಆಡಲು ಉಸಿರು ಸಾಲುತ್ತಿರಲಿಲ್ಲ. ವ್ಯಾನು ಬಾಗಿಲಿಗೆ ಬಂದಿತ್ತು. ಆಕೆ ಮಾತ್ರ ಗುಡಿಯ ಗೇಟು ಹಿಡಿದು ನಿಂತುಬಿಟ್ಟಿದ್ದರು: ಹನುಮಪ್ಪ ಬಲಕ್ಕೆ ಹೂ ಕೊಡದೆ ಮಗನನ್ನು ಕಳಿಸುವುದಿಲ್ಲ.

ನಾನು ಪಕ್ಕದ ಬಾಗಿಲಿನಿಂದ ಒಳಗೆ ಓಡಿದೆ. “ಆಚಾರ್ರೇ, ಬಲಗಡೆ ಹೂವು ಸ್ವಲ್ಪ ಸಡಿಲ ಇಡ್ರಿ, ಬಿದ್ದುಬಿಡ್ಲಿ. ಒಂದು ಜೀವದ ಸಲುವಾಗಿ ಒಂದು ಸುಳ್ಳು, ತಪ್ಪೇನ್ರಿ?”

ಅವರು ನನ್ನನ್ನೇ ನೋಡಿದರು. “ಬಿತ್ತು ಅಂತ ತಿಳೀರಿ. ಆಕಿ ಕಳಿಸಿದಳು. ಅವ ಉಳೀಲಿಲ್ಲ. ಆಮ್ಯಾಲೆ? ಮಗನೂ ಹೋದ, ದೇವರೂ ಹೋದ. ಮುಂದ ಈ ಓಣ್ಯಾಗ ಯಾರು ನಿಮ್ಮ ವ್ಯಾನ್ ಹತ್ತತಾರ್ರಿ? ಹನುಮಪ್ಪ ಕೊಡದ ಮಾತು ನಾ ಕೊಡೂದಿಲ್ಲ.”

“ಹಂಗಾದ್ರ ಖರೇನ ಕೇಳ್ರಿ.”

“ಎಡಕ್ಕ ಬಿದ್ರ?”

ಅವರು ಹೂವಿನ ಬುಟ್ಟಿಯನ್ನು ಗರ್ಭಗುಡಿಯಲ್ಲೇ ಬಿಟ್ಟು ಗೇಟಿಗೆ ಬಂದರು.

“ಹೂ ಕೇಳೂದಿಲ್ಲವ್ವ. ಮಗನ್ನ ಕರ್ಕೊಂಡು ನಡಿ.”

“ಯಾಕ್ರೀ, ನಿಮ್ಮ ಹನುಮಪ್ಪಗೂ ಮಾಸ್ಕ್ ಹಾಕೀರೇನು? ಆತನೂ ಹೆದರಿ ಒಳಗ ಕುಂತಾನೇನು?” ಆಕೆಯ ದನಿ ಒಡೆದಿತ್ತು. “ಅವನ ಕೆಲಸಕ್ಕ ಕೇಳಿದ್ರಿ. ಈಗ್ಯಾಕ ಒಲ್ಲೆ ಅಂತೀರಿ?”

“ಆ ಕೆಲಸ ತಪ್ಪಿದ್ರ ಇನ್ನೊಂದು ಕೆಲಸ ಇತ್ತವ್ವ. ಇನ್ನೊಬ್ಬ ಮಗ ಇಲ್ಲ. ಉಳೀತಾನ ಅಂತ ನಾ ಹೇಳೂದಿಲ್ಲ. ಮನ್ಯಾಗ ಇಟ್ಕೊಂಡ್ರ ಉಳಿಯೂದು ಕಷ್ಟ, ಅಷ್ಟ ಗೊತ್ತು. ಅವನ್ನ ಒಬ್ಬನ್ನ ಕಳಸೂದಿಲ್ಲ. ನಾ ಬರ್ತೀನಿ, ನಡಿ.”

ಮಡಿಯಲ್ಲಿದ್ದಾಗ ಸ್ವಂತ ಮಗಳನ್ನೂ ಮುಟ್ಟದಿದ್ದವರು ಒದ್ದೆ ಪಂಚೆಯಲ್ಲೇ ಹೋಗಿ ಆ ಹುಡುಗನ ಕಂಕುಳಿಗೆ ಕೈಕೊಟ್ಟು ವ್ಯಾನಿಗೆ ಹತ್ತಿಸಿದರು. ಆಕೆಯೂ ಹಿಂದೆ ಹತ್ತಿದರು.

ಆಮೇಲೆ ದಿನವೂ ಪೂಜೆ ಮುಗಿಸಿ ಆಸ್ಪತ್ರೆಯ ಹೊರಗಿನ ಬೇವಿನ ಮರದ ಕೆಳಗೆ ಆಕೆಯಿಂದ ಮಾರು ದೂರ ಕೂರುತ್ತಿದ್ದರು. ಒಳಗಿನಿಂದ ನರ್ಸ್ ಫೋನಿನಲ್ಲಿ ಹೇಳಿದ್ದನ್ನು ಕೂಡಿಸದೆ ಕಳೆಯದೆ ಮುಟ್ಟಿಸುತ್ತಿದ್ದರು. “ಇವತ್ತು ಗಂಜಿ ಕುಡದಾನ.” “ಇವತ್ತು ಕುಡದಿಲ್ಲವ್ವ.” ಬಳಿಕ ಕಣ್ಣು ಮುಚ್ಚಿ ಜಪ. ಆ ಜಪದಲ್ಲಿ ಏನು ಬೇಡುತ್ತೀರಿ ಎಂದು ಕೇಳಿದ್ದೆ. “ಬೇಡೂದೆಲ್ಲಾ ಬೇಡ್ತೀನ್ರಿ. ಸಿಗತದ ಅಂತ ಆಕಿಗೆ ಹೇಳೂದಿಲ್ಲ, ಅಷ್ಟ” ಎಂದಿದ್ದರು.

ಹುಡುಗ ಉಳಿಯಲಿಲ್ಲ.

ಆಕೆ ಗುಡಿಯ ಕಡೆ ತಲೆ ಹಾಕುವುದನ್ನೇ ಬಿಟ್ಟರು. ಮಾತಾಡಿಸಲು ಹೋದ ಆಚಾರ್ಯರ ಮುಖದೆದುರೇ ಬಾಗಿಲು ಹಾಕಿಕೊಂಡರು. ನನಗೆ ಸಿಟ್ಟು ಬಂದಿತ್ತು, ಆಕೆಯ ಮೇಲಲ್ಲ. “ಹೂ ಬಲಕ್ಕ ಬಿದ್ದಿದ್ರ ಅಷ್ಟು ದಿನನಾದ್ರೂ ಆ ತಾಯಿ ಸಮಾಧಾನದಿಂದ ಇರ್ತಿದ್ಳಲ್ರಿ” ಎಂದೆ. ಅವರು ವಾದಕ್ಕೆ ನಿಲ್ಲಲಿಲ್ಲ. “ಇದ್ದೀತು. ನಾ ತಪ್ಪಿರಬಹುದು” ಎಂದಷ್ಟೇ ಹೇಳಿದರು. ಅಂದಿನಿಂದ ಗುಡಿಯ ಬಾಗಿಲು ಹಾಕುವ ಮುನ್ನ ಹಿಂದಿನ ಸಾಲಿನತ್ತ ಒಮ್ಮೆ ನೋಡುವುದು ಅವರಿಗೆ ರೂಢಿಯಾಯಿತು. ಜೀವದ ಪ್ರಶ್ನೆಗೆ ಅವರು ಮತ್ತೆ ಯಾರಿಗೂ ಹೂ ಇಡಲಿಲ್ಲ.

ಊರು ಮಾಸ್ಕ್ ಮರೆತ ಮೇಲೆ ಅವರ ಹೃದಯ ಸೋತಿತು. ಹೆಂಡತಿ ಹಿಂದೆಯೇ ತೀರಿದ್ದರು. ಮಗಳು ಕಂಪ್ಲಿಯಿಂದ ಬಂದು ಹೋಗಿ ಮಾಡುತ್ತಿದ್ದಳು. ಒಂದು ಸಂಜೆ ಆಸ್ಪತ್ರೆಯಲ್ಲಿ ಅವರ ಮಂಚದ ಬಳಿ ನಿಂತು, ಎಲ್ಲರೂ ಹೇಳುವುದನ್ನೇ ನಾನೂ ಶುರುಮಾಡಿದೆ: “ಏನೂ ಆಗೂದಿಲ್ರಿ ಆಚಾರ್ರೇ...”

ಕೆಂಪು ಬೆರಳು ಮೇಲೆದ್ದಿತು. “ಬ್ಯಾಡ್ರಿ ವಾದಿಗಳೇ. ನಾಳೆ ಬರ್ತೀನಿ ಅಂತ ಹೇಳ್ರಿ. ಅದು ನಿಮ್ಮ ಕೈಯಾಗ ಅದ.”

ಬರುತ್ತೇನೆಂದೆ.

ಮರುದಿನ ಹೋದಾಗ ಮಂಚದ ಪಕ್ಕದಲ್ಲಿ ಹಿಂದಿನ ಸಾಲಿನ ಆ ತಾಯಿ ಆಗಲೇ ಕುಳಿತಿದ್ದರು. ಆಚಾರ್ಯರ ಮುಖ ನೋಡದೆ ಮೋಸಂಬಿ ಸುಲಿಯುತ್ತಿದ್ದರು. ನಾನು ಬೆರಗಾಗಿ ನಿಂತದ್ದನ್ನು ಕಂಡು ತಾವಾಗಿಯೇ ಹೇಳಿದರು: “ಹೂ ಕೇಳ್ಲಿಲ್ಲ ಅನ್ನೋ ಸಿಟ್ಟು ಇನ್ನೂ ಐತ್ರಿ. ಅದು ಬ್ಯಾರೆ. ನನ್ನ ಮಗನ್ನ ಇವರು ಒಬ್ಬನ್ನ ಕಳಸ್ಲಿಲ್ಲ.”

ಕಂಪ್ಲಿಯಿಂದ ಮಗಳು ತಲುಪುವ ಮೊದಲೇ ಆಚಾರ್ಯರು ಹೋದರು. ಆಗ ಅವರ ಬಲಗೈ ಆ ತಾಯಿಯ ಕೈಯಲ್ಲಿತ್ತು.

ನಾನು ಇಂದಿಗೂ ವಿರೋಧ ಪಕ್ಷದಲ್ಲೇ ಇದ್ದೇನೆ. ಅಂದು ಹೂವನ್ನು ಸಡಿಲವಾಗಿ ಇಡಬೇಕಿತ್ತೋ ಇಡಬಾರದಿತ್ತೋ, ಆ ವಾದ ನನ್ನೊಳಗೆ ಮುಗಿದಿಲ್ಲ, ಎದುರಾಳಿಯೇ ಎದ್ದುಹೋದರು. ಆದರೆ ಕಾಯಿಲೆಯವರ ಮಂಚದ ಬಳಿ ನಿಂತಾಗ ನನ್ನ ಬಾಯಿಗೆ ಬರುವುದು ಅವರು ಕಲಿಸಿದ ಒಂದೇ ಮಾತು. ನಾಳೆ ಬರುತ್ತೇನೆ ಎನ್ನುತ್ತೇನೆ. ಹೇಳಿದ ಮೇಲೆ ಹೋಗುತ್ತೇನೆ.