ದೇವಿಗೆ ಬೆನ್ನು ತೋರಿಸದ ಕಾರು

ಸೋನ್ಯಾಳದ ಸಾಹುಕಾರರ ಎರಡು ಸೀಟಿನ ಸ್ಪೋರ್ಟ್ಸ್ ಕಾರಿಗೆ ನಾನು ದೊಡ್ಡ ಲಾರಿ ಎಂಜಿನ್ ಕೂಡಿಸಿದೆ. ಜೊತೆಗೆ ಲಾರಿಯ ಗೇರ್‌ಪೆಟ್ಟಿಗೆಯೂ ಬಂತು. ಅಂದರೆ, ಮೊದಲನೇ ಗೇರಿದ್ದ ಜಾಗದಲ್ಲಿ ಈಗ ರಿವರ್ಸ್ ಇತ್ತು. ನಾನೇ ಅದನ್ನು ಗುಡ್ಡಾಪುರಕ್ಕೆ ಓಡಿಸಿಕೊಂಡು ಹೋದೆ. ದಾನಮ್ಮ ದೇವಿಯ ಗುಡಿಗೆ ಮುಖ ಮಾಡಿ ನಿಲ್ಲಿಸಿದ ಕಾರಿಗೆ ಪೂಜೆಯಾದ ಮೇಲೆ, ಪ್ರದಕ್ಷಿಣೆ ಹಾಕಲು ಸಾಹುಕಾರರೇ ಸ್ಟೇರಿಂಗ್ ಹಿಡಿದು ಕುಳಿತರು.

“ಗೇರ್ ಬ್ಯಾರೆ ಐತ್ರಿ, ಸಾಹುಕಾರ್ರ, ಒಂಚೂರು ಕೇಳ್ರಿ!”

“ನನಗ ಗಾಡಿ ಹೊಡ್ಯಾಕ ಕಲಸ್ತೀಯೇನಲೇ?”

ಕಾರು ಗರ್ಜಿಸುತ್ತ ಹಿಂದಕ್ಕೆ ಹಾರಿ ಬೇಲಿಗೆ ಗುದ್ದಿತು. ತಾಲೂಕಿನಲ್ಲಿ ಇನ್ನು ಯಾರೂ ನನಗೆ ಕೆಲಸ ಕೊಡುವುದಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಪೂಜಾರಿ ಕೈಮುಗಿದ: “ತಾಯಿಗಿ ಬೆನ್ನ ತೋರಸಲಿಲ್ಲ ನೋಡ್ರಿ!” ಗುಡಿಯಿಂದ ಭಕ್ತರು ಹಿಂದೆ ಹಿಂದೆ ಸರಿಯುತ್ತ ಹೊರಬರುತ್ತಾರಲ್ಲ, ಹಾಗೆ.

ಸಾಹುಕಾರರು ಮೀಸೆ ತಿರುವಿದರು. “ನಾನ ಹೇಳಿ ಹಂಗ ಮಾಡ್ಸೀನಿ.”

ನನ್ನ ಹೆಸರು ಕೆಡಲಿಲ್ಲ; ಬರಲೂ ಇಲ್ಲ.