ಹಗ್ಗದ ಇನ್ನೊಂದು ತುದಿಯಲ್ಲಿ ತಂಗಿ

ಬೀದಿಗೆಲ್ಲ ಟೈಲರಕ್ಕ ಎಂದೇ ಪರಿಚಿತಳಾಗಿದ್ದ ಆಕೆ ಐವತ್ತು ದಾಟಿದ ಮೇಲೆ ಮೊದಲ ಸಲ ವಿಮಾನ ಹತ್ತಿದ್ದು ತಂಗಿಗಾಗಿ. ತಾಯಿ ತೀರಿಕೊಂಡಾಗ ಆ ತಂಗಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಸೊಂಟದ ಮೇಲೆ ಹೊತ್ತು ತಿರುಗಿದವಳು, ಹೊಲಿಗೆ ಮೆಷಿನ್ ತುಳಿದು ನರ್ಸಿಂಗ್ ಓದಿಸಿದವಳು ಅಕ್ಕನೇ. ಈಗ ಪರದೇಶದ ಆಸ್ಪತ್ರೆಯಲ್ಲಿ ನರ್ಸಾಗಿರುವ ತಂಗಿ, ಒಂದು ತಿಂಗಳು ನನ್ನ ಜೊತೆ ಇರು ಎಂದು ಟಿಕೆಟ್ಟನ್ನೇ ಕಳಿಸಿಬಿಟ್ಟಿದ್ದಳು.

ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಡುತ್ತ ತಂಗಿ ಹೇಳಿದಳು: "ಮಧ್ಯಾಹ್ನ ನನ್ನ ಡ್ಯೂಟಿ ಮುಗಿಯೋ ಹೊತ್ತಿಗೆ ಜಿಮ್ಮಿಗೆ ಬಂದುಬಿಡು ಅಕ್ಕ. ಸೇತುವೆ ದಾಟಿ ಎಡಕ್ಕೆ ತಿರುಗಿದ್ರೆ ಹಳೇ ಗೋದಾಮು, ಅದರೊಳಗೇ ಜಿಮ್ಮು. ಕಣ್ಮುಚ್ಕೊಂಡು ಬರಬಹುದು."

ಅಕ್ಕ ಕಣ್ಣು ಬಿಟ್ಟುಕೊಂಡೇ ಹೋದರೂ ದಾರಿ ತಪ್ಪಿತು. ಸೇತುವೆ ಒಂದಲ್ಲ, ಹಲವಿದ್ದವು. ಎಲ್ಲಕ್ಕೂ ಅದೇ ಕಬ್ಬಿಣದ ಕಟಕಟೆ, ಅದೇ ದೀಪದ ಕಂಬ. ಗುರುತಿಗೆಂದು ಹೂವಿನ ಗಾಡಿಯೊಂದನ್ನು ನೆನಪಿಟ್ಟುಕೊಂಡರೆ, ಸುತ್ತಿ ಬರುವಷ್ಟರಲ್ಲಿ ಗಾಡಿಯವಳು ಜಾಗ ಖಾಲಿ ಮಾಡಿದ್ದಳು. ಅಂಚೆಯವನನ್ನು ಕೈಸನ್ನೆಯಲ್ಲಿ ಕೇಳಿದಾಗ ಆತ ಎರಡೂ ಕೈಯನ್ನು ಎರಡು ದಿಕ್ಕಿಗೆ ಚಾಚಿ ನಕ್ಕ. ಬಲಗೈ ಸ್ವಲ್ಪ ಗಟ್ಟಿಯಾಗಿ ಚಾಚಿದ್ದಾನೆ ಅನ್ನಿಸಿ ಆಕೆ ಬಲಕ್ಕೆ ನಡೆದಳು. ಹೇಗೋ, ಗೋದಾಮು ಸಿಕ್ಕಿತು.

ಜಿಮ್ಮು ಎಂದರೆ ಭಾರ ಎತ್ತುವ ಜಾಗ ಎಂದುಕೊಂಡಿದ್ದಳು. ಇಲ್ಲಿ ನೋಡಿದರೆ ದೊಡ್ಡವರೆಲ್ಲ ಹಲ್ಲಿಗಳ ಹಾಗೆ ಗೋಡೆಗೆ ಅಂಟಿಕೊಂಡಿದ್ದರು. ಅವರಲ್ಲೊಬ್ಬ ಕೈ ಜಾರಿ, ಕೆಳಗಿನ ದಪ್ಪ ಹಾಸಿನ ಮೇಲೆ ದೊಪ್ಪನೆ ಬಿದ್ದ. ಸುತ್ತಲಿದ್ದವರು ಅಯ್ಯೋ ಅನ್ನುವ ಬದಲು ಚಪ್ಪಾಳೆ ತಟ್ಟಿದರು.

"ಬಿದ್ದವನಿಗೆ ಚಪ್ಪಾಳೆ ಯಾಕೇ?" ಎಂದು ಎದುರು ಬಂದ ತಂಗಿಯನ್ನು ಕೇಳಿದಳು.

"ಚೆನ್ನಾಗಿ ಪ್ರಯತ್ನ ಪಟ್ನಲ್ಲ, ಅದಕ್ಕೆ. ಬಾ, ನೀನೂ ಹತ್ತು."

ಬೇಡ ಬೇಡ ಅನ್ನುತ್ತಿದ್ದಂತೆಯೇ ತಂಗಿ ಅಕ್ಕನ ಸೊಂಟಕ್ಕೆ ಪಟ್ಟಿ ಬಿಗಿದು, ಗೋಡೆಯ ತುದಿಯ ಬಳೆಯಿಂದ ಇಳಿಬಿದ್ದಿದ್ದ ಹಗ್ಗದ ಒಂದು ತುದಿಯನ್ನು ಅದಕ್ಕೂ ಇನ್ನೊಂದನ್ನು ತನ್ನ ಪಟ್ಟಿಗೂ ಕಟ್ಟಿ, ಬೆರಳು ಮುದುಡುವಂಥ ಶೂ ತೊಡಿಸಿದ್ದಳು. ಗೋಡೆಯ ತುಂಬ ಇದ್ದ ಬಣ್ಣಬಣ್ಣದ ಹಿಡಿಗಳಲ್ಲಿ ಹಳದಿಯವನ್ನೇ ಹಿಡಿದು ಹತ್ತಬೇಕಂತೆ. ಅಕ್ಕ ಕೈಗೆ ಸಿಕ್ಕ ಬಣ್ಣ ಹಿಡಿದು ಹತ್ತಿದಳು. ಪಕ್ಕದ ಗಡ್ಡದವನು ತಲೆಯಾಡಿಸಿದ. ಭೇಷ್ ಅಂದನೋ ಬೇಡ ಅಂದನೋ ತಿಳಿಯಲಿಲ್ಲ. ಮೇಲೆ ತಲುಪಿ ಕೆಳಗೆ ನೋಡಿದವಳಿಗೆ ಜೀವ ಬಾಯಿಗೆ ಬಂತು.

"ಅಕ್ಕ, ಕೈ ಬಿಡು!"

"ಬಿಟ್ರೆ ಬೀಳ್ತೀನಲ್ಲೇ!"

"ಬೀಳಲ್ಲ. ಹಗ್ಗ ನನ್ನ ಕೈಲಿದೆ."

"ನಿನ್ನ ಕೈಲಿದೆ ಅಂತಾನೇ ಭಯ!"

ಚಿಕ್ಕಂದಿನಲ್ಲಿ ಮೆಟ್ಟಿಲು ಇಳಿಯುವಾಗಲೂ ಅಕ್ಕನ ಸೆರಗು ಬಿಡದಿದ್ದ ಹುಡುಗಿ ಇವಳು. ತೋಳು ಸೋಲತೊಡಗಿದಾಗ ಬೇರೆ ದಾರಿ ಕಾಣದೆ ಅಕ್ಕ ಕಣ್ಣು ಮುಚ್ಚಿ ಕೈ ಬಿಟ್ಟಳು. ಬೀಳಲಿಲ್ಲ, ತೂಗಾಡಿದಳು. ಕಣ್ಣು ತೆರೆದರೆ, ಅಕ್ಕನ ತೂಕಕ್ಕೆ ಕಡ್ಡಿಯಂಥ ತಂಗಿಯ ಕಾಲು ನೆಲ ಬಿಟ್ಟಿತ್ತು.

"ನೀನ್ಯಾಕೆ ಮೇಲೆ ಬರ್ತಿದೀಯೇ?" ಎಂದು ಅಕ್ಕ ಕಿರುಚಿದಳು. ನಗು ತಡೆಯಲಾರದೆ ತಂಗಿ ಗಾಳಿಯಲ್ಲೇ ಅಲ್ಲಾಡಿದಳು. ಆದರೂ ಹಗ್ಗದ ಹಿಡಿತ ಸಡಿಲಿಸಲಿಲ್ಲ. ಹೂವಿನಂತೆ ಅಕ್ಕನನ್ನು ಇಳಿಸಿದಳು.

ಹಾಸಿನ ಮೇಲೆ ಕೂತು ಏದುಸಿರು ಬಿಡುತ್ತ ಅಕ್ಕ ಕೇಳಿದಳು, "ಈ ಹುಚ್ಚು ನಿನಗೆ ಯಾವಾಗ ಹಿಡೀತು?"

ತಂಗಿ ಶೂ ಬಿಚ್ಚುತ್ತ ಹೇಳಿದಳು: "ಬಂದ ಹೊಸತರಲ್ಲಿ ಡ್ಯೂಟಿ ಬಿಟ್ರೆ ಒಂದು ನರಪಿಳ್ಳೆ ಜೊತೆಗೂ ಮಾತಿರ್ಲಿಲ್ಲ. ಇಲ್ಲಿ ಒಬ್ಬಳೇ ಹತ್ತೋ ಹಾಗಿಲ್ಲ, ಯಾರಾದ್ರೂ ಹಗ್ಗ ಹಿಡೀಲೇಬೇಕು. ಅದಕ್ಕೇ ಬರ್ತಿದ್ದೆ."

"ಫೋನಲ್ಲಿ ಚೆನ್ನಾಗಿದೀನಿ ಅಂತಿದ್ದೆಯಲ್ಲೇ?"

"ಅಂತಿದ್ದೆ."

ಬೈಯಬೇಕೋ, ತಬ್ಬಿಕೊಳ್ಳಬೇಕೋ ಅಕ್ಕನಿಗೆ ಹೊಳೆಯಲಿಲ್ಲ. ತಂಗಿಯ ಬೆವರಿದ ಕೂದಲನ್ನು ಹಿಂದಕ್ಕೆ ಸರಿಸಿದಳು.

ಮಾರನೆಯ ಮಧ್ಯಾಹ್ನ ಅಕ್ಕ ಕರೆಯದೆಯೇ ಜಿಮ್ಮಿಗೆ ಬಂದಳು, ಮತ್ತೆ ದಾರಿ ತಪ್ಪಿಯೇ. ಗೋಡೆ ಹತ್ತುವುದು ತನಗೆ ಇಷ್ಟವೋ ಅಲ್ಲವೋ ಎಂಬುದು ಕೊನೆಗೂ ಆಕೆಗೆ ಗೊತ್ತಾಗಲಿಲ್ಲ. ಆದರೆ ಹಗ್ಗ ಹಿಡಿಯುವುದನ್ನು ತನಗೂ ಕಲಿಸಿಕೊಡು ಎಂದು ಹಟ ಹಿಡಿದಳು.