ಕೆಡವಿದವರೇ ಎಬ್ಬಿಸಬೇಕು

ಗೆಳೆಯರೇ, ಅಮೆರಿಕದ ಬಾಸ್ಕೆಟ್‌ಬಾಲ್ ಫೈನಲ್ ಸರಣಿಯ ಕೊನೆಯ ಪಂದ್ಯ ಇವತ್ತು ಬೆಳಿಗ್ಗೆ ಬಸವಕಲ್ಯಾಣದ ನಮ್ಮ ಮನೆಯಲ್ಲೂ ನಡೆಯಿತು. ಅದನ್ನು ನಮ್ಮ ಟಿವಿಯಲ್ಲಿ ನೋಡಲೆಂದೇ ರಹೀಂ ಚಾಚಾ ಹುಮನಾಬಾದಿನಿಂದ ನಸುಕಿನ ಬಸ್ಸು ಹಿಡಿದು ಬಂದಿದ್ದರು. ಅವರೂ ನಮ್ಮ ಸೋದರಮಾವನೂ ಒಂದೇ ಗರಡಿಯಲ್ಲಿ ಕುಸ್ತಿ ಕಲಿತವರು. ಈ ಸರಣಿಯಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ತಂಡ.

ಆಟಕ್ಕಿಂತ ಫೌಲೇ ಹೆಚ್ಚು. ಒಬ್ಬ ಮೊಣಕೈಯಿಂದ ತಿವಿದು ಇನ್ನೊಬ್ಬನನ್ನು ಕೆಡವಿ, ತಿರುಗಿಯೂ ನೋಡದೆ ಹೋದ. ಮಾವನಿಗೆ ಸಿಟ್ಟು ಬಂತು.

“ನಮ್ಮ ಗರಡ್ಯಾಗ ಕೆಡವಿದಾಂವನೇ ಕೈ ಕೊಟ್ಟು ಎಬ್ಬಸ್ತಿದ್ದ. ಇವಕ್ಕ ಅಷ್ಟೂ ತಿಳೀವಲ್ದು!”

“ಮದಲ ಹೊಡದಾಂವ ನಿಮ್ಮವ,” ಎಂದರು ಚಾಚಾ.

“ನಿನ್ನ ಕಣ್ಣು ಹೋಗ್ಯಾವ!” ಎಂದು ಮಾವ ಅವರ ಹೆಗಲಿಗೆ ಒಂದು ನೂಕು ಕೊಟ್ಟರು. ಚಾಚಾ ಸ್ಟೂಲಿನಿಂದ ನೆಲಕ್ಕೆ ಬಿದ್ದರು.

ನಾನು ಓಡಿಹೋಗಿ ಕೈ ಚಾಚಿದೆ. ಅವರು ಹಿಡಿಯಲಿಲ್ಲ. “ನೀ ಬಿಡು ಬೇಟಾ. ಕೆಡವಿದಾಂವ ಎಬ್ಬಸ್ಲಿ,” ಎಂದು ಗೋಡೆಗೆ ಒರಗಿ ಅಲ್ಲೇ ಕೂತರು. ಮಾವ ಟಿವಿಯಿಂದ ಕಣ್ಣು ತೆಗೆಯಲಿಲ್ಲ.

ಪಂದ್ಯ ಮುಗಿಯಿತು. ಅಷ್ಟು ಹೊತ್ತು ಗುದ್ದಾಡಿದ ಆಟಗಾರರು ತಬ್ಬಿಕೊಂಡು ಬೆನ್ನು ತಟ್ಟಿಕೊಂಡರು. ನಮ್ಮಲ್ಲಿ ಇನ್ನೂ ಮುಗಿದಿಲ್ಲ. ಚಾಚಾ ಚಹಾ ಕುಡಿದದ್ದು ನೆಲದ ಮೇಲೆ, ನಾಷ್ಟಾ ಮಾಡಿದ್ದೂ ಅಲ್ಲೇ.

ಇದನ್ನು ಟೈಪ್ ಮಾಡುತ್ತಾ ಈಗ ತಿರುಗಿ ನೋಡಿದೆ. ಮಾವ ಕುರ್ಚಿ ಬಿಟ್ಟು ಅವರ ಪಕ್ಕದಲ್ಲೇ ನೆಲಕ್ಕೆ ಕೂತಿದ್ದಾರೆ. ಕೈ ಮಾತ್ರ ಇನ್ನೂ ಕೊಟ್ಟಿಲ್ಲ. ತಾವಾಗಿಯೇ ಕೆಳಗಿಳಿದವರನ್ನು ಯಾರು ಎಬ್ಬಿಸಬೇಕೆಂದು ಗರಡಿಯಲ್ಲಿ ಹೇಳಿಕೊಟ್ಟಿಲ್ಲವೆಂದು ಕಾಣುತ್ತದೆ.